ಎಳೆಯದೆ ಬಿಟ್ಟ ಗೆರೆ

ದಂಡಿನಲ್ಲಿ ಅವನನ್ನು ಎಲ್ಲರೂ ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಬೂಟಿನ ಅಟ್ಟೆಗೆ ಹೊಡೆಯುವ ಸಣ್ಣ ಮೊಳೆಗಳನ್ನು ಬಾಯಿತುಂಬ ಇಟ್ಟುಕೊಂಡು, ತುಟಿಯ ಸಂದಿಯಿಂದ ಒಂದೊಂದೇ ಎಳೆದು ಸುತ್ತಿಗೆಗೆ ಒಡ್ಡುವುದು ಅವನ ಅಭ್ಯಾಸ. ಹಾಗಾಗಿ ಯಾರು ಏನು ಕೇಳಿದರೂ ಉತ್ತರ ‘ಹೂಂ’, ಇಲ್ಲವಾದರೆ ‘ಉಹೂಂ’. ಇಂಥ ಮನುಷ್ಯ ಮನೆಗೆ ಕಾಗದ ಬರೆಯಲು ಕೂತರೆ ಮಾತ್ರ, ಅಬ್ಬಬ್ಬಾ, ಲಂಗುಲಗಾಮೇ ಇರುತ್ತಿರಲಿಲ್ಲ. ಹಗಲೆಲ್ಲ ಬಾಯಲ್ಲಿ ತಡೆದಿಟ್ಟ ಮಾತು ಪೆನ್ಸಿಲಿನ ಮೊನೆಯಿಂದ ಸುರಿಯುತ್ತಿತ್ತು.

ಸೈನ್ಯ ಹೊಳೆ ದಾಟಿ ಬೆಟ್ಟಸಾಲಿನ ಕಡೆ ಹೊರಟು ಏಳು ತಿಂಗಳಾಗಿತ್ತು. ವಾರಕ್ಕೊಂದು ಕಾಗದ ತಪ್ಪದೆ ಮನೆಗೆ ಹೋಗುತ್ತಿತ್ತು. ಮನೆಯೆಂದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಬೂಟು ಚಪ್ಪಲಿ ರಿಪೇರಿ ಅಂಗಡಿ, ಅದರ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಅಮ್ಮ ಮತ್ತು ತಮ್ಮ. ಅಮ್ಮನಿಗೆ ಓದಲು ಬಾರದು. ಕಾಗದ ಬಂದರೆ ತಮ್ಮನೇ ಓದಿ ಹೇಳಬೇಕು. ಅವನೋ, ಅಂಗಡಿ ಮುಂದೆ ಸ್ಟೂಲು ಹಾಕಿಕೊಂಡು, ಪಕ್ಕದ ಸೈಕಲ್ ಶಾಪಿನವನಿಗೂ ಎದುರಿನ ಇಸ್ತ್ರಿ ಅಂಗಡಿಯವಳಿಗೂ ಕೇಳುವ ಹಾಗೆ ಗಂಟಲೆತ್ತಿ ಓದುವ ಆಸಾಮಿ. ಗುಟ್ಟು ಎನ್ನುವುದು ಆ ಮನೆಯ ಕಾಗದಕ್ಕೆ ಗೊತ್ತೇ ಇಲ್ಲ.

ಮೊಳೆಬಾಯಿ ಬರೆಯುತ್ತಿದ್ದದ್ದು ಹೀಗೆ:

‘ಅಮ್ಮಾ, ನಾನು ಚೆನ್ನಾಗಿದ್ದೀನಿ. ನಮ್ಮ ಡೇರೆಯಲ್ಲಿ ಏಳು ಜನ. ಆರು ಜನ ಗೊರಕೆ ಹೊಡೀತಾರೆ, ಏಳನೆಯವನು ನಿದ್ದೆಯಲ್ಲಿ ಹೆಂಡತಿ ಹತ್ತಿರ ಜಗಳ ಆಡ್ತಾನೆ, ಅದರಲ್ಲೂ ಸೋಲ್ತಾನೆ. ಮೊನ್ನೆ ಒಂದು ಹೇಸರಗತ್ತೆ ಹೊರೆ ಸಮೇತ ಕೆಸರಲ್ಲಿ ಕೂತುಬಿಡ್ತು. ಸಾಹೇಬರು ಬೈದರು, ಏಳಲಿಲ್ಲ. ನಾಲ್ಕು ಜನ ಹಿಂದಿನಿಂದ ತಳ್ಳಿದೆವು, ಅದು ಜಗ್ಗಲಿಲ್ಲ. ಕೊನೆಗೆ ನಮ್ಮ ಅಡುಗೆಯವನು, ಅವನಿಗೆ ನಾವು ಸೌಟು ಅಂತ ಹೆಸರಿಟ್ಟಿದ್ದೀವಿ, ಪಾತ್ರೆ ಬಡಿದ ನೋಡು. ಊಟದ ಹೊತ್ತು ಅಂತ ಅದಕ್ಕೂ ಗೊತ್ತು. ಧಡಕ್ಕನೆ ಎದ್ದು ನಮಗಿಂತ ಮುಂದೆ ಹೋಗಿ ಸಾಲಲ್ಲಿ ನಿಂತುಬಿಡ್ತು. ನಾನು ಹೊಟ್ಟೆ ತುಂಬ ಉಣ್ತಾ ಇದ್ದೀನಿ, ಆಲೂಗಡ್ಡೆ ಕಂಡರೆ ವಾಕರಿಕೆ ಬರೋವಷ್ಟು.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಹೇಸರಗತ್ತೆ ಕೂತದ್ದೂ ನಿಜ, ಎದ್ದದ್ದೂ ನಿಜ. ಅದರ ಬೆನ್ನ ಮೇಲಿನ ಹೊರೆ ಏನು ಎನ್ನುವುದನ್ನು ಮಾತ್ರ ಅವನು ಬರೆದಿರಲಿಲ್ಲ. ಅಮ್ಮ ಒಬ್ಬಳೇ ಕೂತು ಕೊರಗುವುದು ಬೇಡ ಎಂದು ಅವನ ಆಸೆ. ಆ ಆಸೆ ತಪ್ಪಲ್ಲ, ಆದರೆ ಅದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದೇ ಈ ಕಥೆ.

ಹೊರೆ ಬೂಟಿನ ಮೂಟೆ. ಮುಂಚೂಣಿಯಿಂದ ದಿನ ಬಿಟ್ಟು ದಿನ ಹೇಸರಗತ್ತೆಯ ಮೇಲೆ ಮೂಟೆ ಬರುತ್ತಿತ್ತು. ನಡೆದು ನಡೆದು ಅಟ್ಟೆ ಬಾಯಿಬಿಟ್ಟವರ ಬೂಟು, ಗಾಯವಾಗಿ ಆಸ್ಪತ್ರೆಗೆ ಹೋದವರ ಬೂಟು, ಇನ್ನೆಲ್ಲಿಗೂ ನಡೆಯಬೇಕಾಗಿಲ್ಲದವರ ಬೂಟು, ಎಲ್ಲ ಒಂದೇ ಮೂಟೆಯಲ್ಲಿ. ಮೊಳೆಬಾಯಿ ಅದನ್ನು ಡೇರೆಯ ಮುಂದೆ ಸುರಿಯುವನು, ಕೆಸರು ಕೆರೆಯುವನು, ರಂಪಿಗೆಯಿಂದ ಹಳೇ ಚರ್ಮ ಕೊಯ್ದು ಹೊಸ ಅಟ್ಟೆ ಕೂರಿಸುವನು, ಮೇಣ ಹಚ್ಚಿದ ದಾರದಲ್ಲಿ ಹೊಲಿದು ಮೊಳೆ ಹೊಡೆಯುವನು. ಹೊಸದಾಗಿ ಬಂದವನು ಡೇರೆಗೆ ಬಂದು ಕಾಲಳತೆಗೆ ಸರಿಹೊಂದುವ ಜೋಡಿ ಹಾಕಿಕೊಂಡು ಹೋಗುವನು. ಹಳೇ ಬೂಟು, ಹೊಸ ಕಾಲು. ಅಲ್ಲಿಗೆ ಅವನ ಕೆಲಸ ಮುಗಿಯಿತು.

ಮುಗಿಯುತ್ತಿರಲಿಲ್ಲ. ಯಾಕೆಂದರೆ ಅವನ ಅಪ್ಪನ ಅಂಗಡಿಯ ಒಂದು ಪದ್ಧತಿ ಅವನ ಕೈಗೆ ಅಂಟಿಕೊಂಡಿತ್ತು. ಅಪ್ಪ ಗಿರಾಕಿಯ ಹೆಸರು ಕೇಳಿದವನಲ್ಲ. ‘ನಾಲ್ಕು ಹೆಜ್ಜೆ ನಡಿಯಪ್ಪ’ ಎನ್ನುವನು. ನಡಿಗೆ ನೋಡಿ, ಎಡಗಾಲಿನ ಬೂಟಿನ ಒಳಗಿರುವ ತೆಳು ಅಟ್ಟೆಯನ್ನು ಎತ್ತಿ, ಅದರಡಿ ಕಾದ ದಬ್ಬಳದಿಂದ ಒಂದು ಗುರುತು ಸುಡುವನು. ಹಿಮ್ಮಡಿ ಊರಿ ನಡೆಯುವವನಿಗೆ ಒಂದು ಚೌಕ, ತುದಿಗಾಲಲ್ಲಿ ಓಡುವವನಿಗೆ ಮೂರು ಚುಕ್ಕಿ, ಕಾಲೆಳೆಯುವವನಿಗೆ ಕೊಕ್ಕೆ. ತಮ್ಮನಿಗೆ ನಡೆಯಲು ಕಲಿತಾಗಿನಿಂದ ಚಪ್ಪಲಿಯ ಹಿಮ್ಮಡಿ ಒಳಮಗ್ಗುಲಿಗೆ ಸವೆಯುತ್ತದೆ, ಅರ್ಧಚಂದ್ರದ ಆಕಾರಕ್ಕೆ. ಹಾಗಾಗಿ ಅವನ ಗುರುತು ಅರ್ಧಚಂದ್ರ. ಒಬ್ಬರ ಬೂಟು ಇನ್ನೊಬ್ಬರಿಗೆ ಹೋದರೆ ಹಳೇ ಗುರುತಿನ ಕೆಳಗೆ ಹೊಸ ಗುರುತು. ಹಳೆಯದನ್ನು ಅಳಿಸುವ ಹಾಗಿಲ್ಲ. ಆದರೆ ಹಳೇ ಒಡೆಯ ತೀರಿಕೊಂಡಿದ್ದರೆ ಅವನ ಗುರುತಿನ ಮೇಲೆ ಒಂದು ಅಡ್ಡಗೆರೆ ಎಳೆಯಬೇಕು. ‘ಅವನ ನಡಿಗೆ ಮುಗೀತು ಅಂತ ಚರ್ಮಕ್ಕೂ ಹೇಳ್ಬೇಕು ಕಣೋ, ಅದು ಮರ್ಯಾದೆ’ ಎನ್ನುತ್ತಿದ್ದ ಅಪ್ಪ. ಗೆರೆಯಿಲ್ಲದ ಕಟ್ಟಕಡೆಯ ಗುರುತು ಯಾರದೋ, ಬೂಟು ಅವನದು. ಆ ಮನೆಯಲ್ಲಿ ಅಮ್ಮನೂ ಸೇರಿ ಮೂವರೂ ಬೂಟು ಕೈಗೆ ಬಂದರೆ ಮೊದಲು ಒಳಗಿನ ಅಟ್ಟೆ ಎತ್ತಿ ನೋಡುವವರೇ.

ದಂಡಿನಲ್ಲಿ ಇದನ್ನು ಯಾರೂ ಮಾಡು ಎಂದಿರಲಿಲ್ಲ. ಆದರೂ ಬಂದವನನ್ನು ನಾಲ್ಕು ಹೆಜ್ಜೆ ನಡೆಸಿ, ಎಡಗಾಲಿನದಕ್ಕೆ ಗುರುತು ಹಾಕಿಯೇ ಕಳಿಸುತ್ತಿದ್ದ. ಬೂಟು ವಾಪಸ್ಸು ಬಂದಾಗ ಒಡೆಯ ಇದ್ದಾನಾ ಎಂದು ಮೂಟೆ ತಂದವನನ್ನು ಕೇಳಿ, ಅವನು ಇಲ್ಲವೆಂದು ತಲೆಯಾಡಿಸಿದರೆ ಗೆರೆ ಎಳೆಯುತ್ತಿದ್ದ. ಒಂದು ಜೋಡಿಯಂತೂ ಅವನ ಕೈಗೆ ಮತ್ತೆ ಮತ್ತೆ ಬಂತು. ಏಳನೇ ನಂಬರಿನದು. ಮೊದಲ ಒಡೆಯ ಹಿಮ್ಮಡಿ ಊರಿ ಧಪಧಪ ನಡೆಯುತ್ತಿದ್ದ ಲಾರಿ ಡ್ರೈವರು, ಅವನಿಗೆ ಚೌಕ. ಆಮೇಲೆ ಸದಾ ಸಿಳ್ಳೆ ಹಾಕುತ್ತಿದ್ದ ಒಬ್ಬ, ಮೂರು ಚುಕ್ಕಿ. ಆಮೇಲೆ ಸೊಂಟನೋವಿನ ಮೇಷ್ಟರು, ಕೊಕ್ಕೆ. ಮೂರಕ್ಕೂ ಗೆರೆ ಬಿತ್ತು.

ನಾಲ್ಕನೆಯವನು ಬಂದಾಗ ಮೊಳೆಬಾಯಿಗೆ ಬಾಯಲ್ಲಿದ್ದ ಮೊಳೆ ನುಂಗುವ ಹಾಗಾಯಿತು. ಮೀಸೆ ಇನ್ನೂ ಸರಿಯಾಗಿ ಮೂಡಿರದ ಹುಡುಗ. ನಾಲ್ಕು ಹೆಜ್ಜೆ ನಡೆ ಎಂದರೆ ಥೇಟ್ ತಮ್ಮನ ಹಾಗೆ, ಹಿಮ್ಮಡಿ ಒಳಕ್ಕೆ ಹೊರಳಿಸಿ ನಡೆದ. ಬೇರೆ ಗುರುತು ಹಾಕೋಣ ಅಂದರೆ ಅಪ್ಪನ ಪದ್ಧತಿ ಬಿಡದು, ನಡಿಗೆ ಯಾವುದೋ ಗುರುತು ಅದೇ. ಅರ್ಧಚಂದ್ರವನ್ನೇ ಸುಟ್ಟ.

‘ಅಣ್ಣಾ, ಹೊಸದಾ ಇದು?’ ಎಂದು ಕೇಳಿದ ಹುಡುಗ, ಲೇಸು ಕಟ್ಟುತ್ತಾ.

ಮೊಳೆಬಾಯಿ ‘ಹೂಂ’ ಎಂದ. ಬಾಯಲ್ಲಿ ಮೊಳೆ ಇತ್ತು. ಇಲ್ಲದಿದ್ದರೂ ಹಾಗೇ ಹೇಳುತ್ತಿದ್ದನೇನೋ.

ಆ ವಾರವೇ ತಮ್ಮನ ಕಾಗದ ಬಂತು. ಅಮ್ಮನ ಆರೋಗ್ಯ, ಸೈಕಲ್ ಶಾಪಿನವನ ಮದುವೆ ಮುರಿದದ್ದು, ಎಲ್ಲ ಆದ ಮೇಲೆ ಕೊನೆಯಲ್ಲಿ ಹೀಗಿತ್ತು: ‘ಅಣ್ಣಾ, ಅಮ್ಮನಿಗೆ ಇನ್ನೂ ಹೇಳಿಲ್ಲ. ನನಗೆ ಹದಿನೆಂಟು ತುಂಬಿತು. ಮುಂದಿನ ತಿಂಗಳು ಶಾಲೆ ಬಯಲಿಗೆ ಭರ್ತಿಯವರು ಬರ್ತಾರಂತೆ, ಹೆಸರು ಕೊಡ್ತೀನಿ. ನೀನೊಬ್ಬನೇ ಅಲ್ಲಿ ಹೇಸರಗತ್ತೆ, ಸೌಟು, ಗೊರಕೆ ಅಂತ ಮಜಾ ಮಾಡ್ತಾ ಇರು, ನಾನು ಇಲ್ಲಿ ಕೂತು ಊರವರ ಚಪ್ಪಲಿಗೆ ಉಂಗುಷ್ಠ ಹೊಲೀತಾ ಇರ್ತೀನಿ, ಯಾವ ನ್ಯಾಯ? ನಿನ್ನ ಕಾಗದ ಓದಿದಾಗೆಲ್ಲ ಬೀದಿಯವರು ನಿನ್ನಣ್ಣ ಸ್ವರ್ಗದಲ್ಲಿದ್ದಾನೆ ಅಂತಾರೆ. ನನಗೂ ಒಂದು ಜಾಗ ಹಿಡಿದಿರು.’

ಮೊಳೆಬಾಯಿ ಆ ಸಾಲುಗಳನ್ನು ಎರಡೆರಡು ಸಲ ಓದಿದ. ಯಾರನ್ನು ಬೈಯುವುದು? ತಮ್ಮನನ್ನು ‘ಬೆಪ್ಪುತಕ್ಕಡಿ’ ಎಂದು ಬೈದ, ಭರ್ತಿಯವರನ್ನು ಬೈದ, ಕೊನೆಗೆ ತನ್ನ ಪೆನ್ಸಿಲನ್ನೇ ಬೈದ. ಅಮ್ಮನನ್ನು ನಗಿಸಲು ಹೋಗಿ ತಮ್ಮನನ್ನು ಕರೆದಿದ್ದ. ಇನ್ನು ಹೇಗಾದರೂ ಮಾಡಿ ಅವನನ್ನು ಅಂಗಡಿಯಲ್ಲೇ ಕೂರಿಸಬೇಕು. ಬೇರೆ ಯೋಚನೆ ಅವನ ತಲೆಯಲ್ಲಿ ಉಳಿಯಲಿಲ್ಲ.

ಕೂತಲ್ಲೇ ಬರೆದ. ತಮಾಷೆ ಒಂದೂ ಇಲ್ಲದೆ, ಮೂಟೆಯಲ್ಲಿ ಏನು ಬರುತ್ತದೆ, ಎಷ್ಟು ಬರುತ್ತದೆ, ಎಲ್ಲ ಇದ್ದದ್ದು ಇದ್ದ ಹಾಗೆ. ಮಾರನೇ ದಿನ ಮಸಿ ಸಾಹೇಬ ಕರೆಸಿದ. ದಂಡಿನಿಂದ ಹೊರಹೋಗುವ ಪ್ರತಿ ಕಾಗದವನ್ನೂ ಓದಿ, ಕೂಡದ ಸಾಲಿನ ಮೇಲೆ ಕಪ್ಪು ಬಳಿಯುವ ಅಧಿಕಾರಿ ಅವನು. ಕೆಟ್ಟವನೇನಲ್ಲ. ಸಿಪಾಯಿಗಳು ಹೆಂಡಂದಿರಿಗೆ ಬರೆದ ಮುದ್ದುಮಾತು ಓದಿ ಓದಿ ಮುಖ ಜೋತುಬಿದ್ದಿತ್ತು, ಅಷ್ಟೇ.

‘ಏನಯ್ಯಾ ಇದು? ನಿನ್ನ ಕಾಗದ ಅಂದ್ರೆ ನಾನು ಚಹಾ ಜೊತೆಗೆ ಓದೋಕೆ ಅಂತ ಎತ್ತಿಡ್ತಿದ್ದೆ. ಇದನ್ನ ಓದಿ ಚಹಾ ಆರಿಹೋಯ್ತು.’

‘ಎಲ್ಲ ನಿಜ ಸಾಹೇಬ್ರೆ.’

‘ನಿಜ ಅಂತಾನೇ ಬಿಡೋಕಾಗಲ್ಲ. ಇದರಲ್ಲಿ “ಪ್ರೀತಿಯ ತಮ್ಮನಿಗೆ” ಮತ್ತೆ “ಇಂತಿ ನಿನ್ನ ಅಣ್ಣ” ಎರಡು ಉಳಿಯತ್ತೆ, ಮಧ್ಯದ್ದೆಲ್ಲ ಕಪ್ಪು. ಕಳಿಸಲಾ?’

‘ಬೇಡ ಸಾಹೇಬ್ರೆ’ ಎಂದು ಕಾಗದ ವಾಪಸ್ಸು ಇಸಿದುಕೊಂಡು ಬಂದ. ಒಳ್ಳೇದೇ ಆಯಿತು ಎಂದು ದಾರಿಯಲ್ಲಿ ಅನಿಸಿತು. ಅದು ಹೋಗಿದ್ದರೆ ತಮ್ಮ ಬೀದಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ, ಅಮ್ಮ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.

ಇನ್ನೊಂದು ಉಪಾಯ ಮಾಡಿದ. ದಂಡಿನ ಕಷ್ಟವನ್ನಾದರೂ ಬರೆಯೋಣ, ಕಷ್ಟಕ್ಕೆ ಮಸಿ ಬೀಳುವುದಿಲ್ಲ. ಹೇನು ಹೇಗೆ ಹತ್ತುತ್ತದೆ, ಒದ್ದೆ ಕಾಲುಚೀಲ ಹೇಗೆ ನಾರುತ್ತದೆ, ಬೊಬ್ಬೆ ಒಡೆದ ಕಾಲಲ್ಲಿ ಮೈಲುಗಟ್ಟಲೆ ಹೇಗೆ ನಡೆಯಬೇಕು, ಬ್ರೆಡ್ಡನ್ನು ಸುತ್ತಿಗೆಯಲ್ಲಿ ಹೇಗೆ ಒಡೆಯಬೇಕು, ಎಲ್ಲ ಬರೆದ. ಆದರೆ ಕೈಗೆ ಹತ್ತಿದ ಚಟ ಬಿಡಬೇಕಲ್ಲ! ಹೇನಿನ ಬಗ್ಗೆ ಬರೆಯುವಾಗ ‘ನಮ್ಮ ಹೇನುಗಳಿಗೂ ಕವಾಯತು ಬರತ್ತೆ, ಸಾಲಾಗಿ ಹೋಗ್ತವೆ’ ಎಂದು ಸೇರಿಕೊಂಡುಬಿಟ್ಟಿತು. ತಮ್ಮನ ಉತ್ತರ ಬಂತು: ‘ಅಣ್ಣಾ, ಹೇನಿನ ಕವಾಯತು ಓದಿ ಇಸ್ತ್ರಿ ಅಕ್ಕ ನಕ್ಕು ನಕ್ಕು ಒಂದು ಅಂಗಿ ಸುಟ್ಟುಬಿಟ್ಟಳು. ನಿನ್ನಂಥ ಕಾಗದ ಯಾರೂ ಬರೆಯಲ್ಲ. ಭರ್ತಿಗೆ ಇನ್ನು ಸ್ವಲ್ಪವೇ ದಿನ. ನಾನು ಓಡೋ ಅಭ್ಯಾಸ ಶುರು ಮಾಡಿದ್ದೀನಿ.’ ಮೊಳೆಬಾಯಿ ಅದನ್ನೋದಿ ಇಂಗು ತಿಂದ ಮಂಗನ ಹಾಗೆ ಕೂತ.

ಅಷ್ಟರಲ್ಲಿ ಆ ಏಳನೇ ನಂಬರಿನ ಜೋಡಿ ಮೂಟೆಯಲ್ಲಿ ವಾಪಸ್ಸು ಬಂತು.

ಕೆಸರಿನಡಿ ಅವನೇ ಹೊಲಿದ ಹೊಲಿಗೆ. ಗುರುತು ಹಿಡಿಯಲು ಅಟ್ಟೆ ಎತ್ತಬೇಕಾಗಿಯೇ ಇರಲಿಲ್ಲ, ಆದರೂ ಎತ್ತಿದ. ಮೂರು ಗುರುತು, ಮೂರು ಗೆರೆ, ಕೆಳಗೆ ಅರ್ಧಚಂದ್ರ. ಮೂಟೆ ತಂದವನ ಮುಖ ನೋಡಿದ. ಅವನು ತಲೆಯಾಡಿಸಿದ.

ದಬ್ಬಳವನ್ನು ಕೆಂಡದ ಮೇಲಿಟ್ಟು ಕಾಯಿಸಿ, ಗೆರೆ ಎಳೆಯಲು ಬಗ್ಗಿದ. ಕೈ ಹೋಗಲಿಲ್ಲ. ಅದು ಆ ಹುಡುಗನ ಗುರುತು ನಿಜ. ಆದರೆ ಎದ್ದು ನಡೆದಾಗಿನಿಂದ ಅದು ತಮ್ಮನ ಗುರುತು. ಪುಟ್ಟ ಕಾಲಿನ ಮೊದಲ ಚಪ್ಪಲಿಗೆ ಅಪ್ಪ ಅದನ್ನು ಸುಟ್ಟಾಗ ದಬ್ಬಳ ಕಾಯಿಸಿಕೊಟ್ಟವನು ಇವನೇ. ತಮ್ಮ ಬದುಕಿರುವಾಗ ಅವನ ಗುರುತಿನ ಮೇಲೆ ಸಾವಿನ ಗೆರೆ ಹೇಗೆ ಎಳೆಯುವುದು? ದಬ್ಬಳ ತಣ್ಣಗಾಯಿತು, ಮತ್ತೆ ಕಾಯಿಸಿದ, ಮತ್ತೆ ತಣ್ಣಗಾಯಿತು. ಉಗ್ರಾಣದವನು ಬಂದು ಜೋಡಿಯನ್ನು ತಿರುಗಿಸಿ ನೋಡಿ, ‘ಇದು ಕಂಡಮ್, ಇನ್ನು ಹೊಲಿಯೋಕೆ ಜಾಗ ಇಲ್ಲ, ಒಲೆಗೆ ಹಾಕು’ ಎಂದು ಹೋದ. ಬಲಗಾಲಿನದು ಒಲೆಗೆ ಹೋಯಿತು. ಎಡಗಾಲಿನದನ್ನು ಮೊಳೆಬಾಯಿ ತಲೆದಿಂಬಿನ ಕೆಳಗೆ ಇಟ್ಟುಕೊಂಡ.

ಸೌಟು ರಜೆಯ ಮೇಲೆ ಊರಿಗೆ ಹೊರಟದ್ದು ಅದರ ಎರಡು ದಿನಕ್ಕೆ. ಅವನ ಊರಿಗೆ ಹೋಗುವ ಬಸ್ಸು ಮೊಳೆಬಾಯಿಯ ಅಂಗಡಿ ಬೀದಿಯ ಮುಂದೆಯೇ ಹಾಯುತ್ತದೆ. ಆಗ ಮೊಳೆಬಾಯಿಗೆ ಹೊಳೆಯಿತು: ಮಾತಿಗಾದರೆ ಮಸಿ ಬಳಿಯಬಹುದು, ಬೂಟಿಗೆ ಏನು ಬಳಿಯುತ್ತಾರೆ? ಬೀದಿಯವರಿಗೆ ಕೇಳುವುದಿಲ್ಲ, ಅಮ್ಮನಿಗೆ ತಿಳಿಯುವುದಿಲ್ಲ, ತಮ್ಮ ಒಬ್ಬನೇ ಅಟ್ಟೆ ಎತ್ತಿ ನೋಡುತ್ತಾನೆ. ಒಂದೇ ಬೂಟು, ಏಳು ತಿಂಗಳಲ್ಲಿ ನಾಲ್ಕು ಜನ. ತಿಳಿಯದೆ ಇರುವಷ್ಟು ದಡ್ಡನಲ್ಲ ಅವನು.

‘ತಮ್ಮನ ಕೈಗೇ ಕೊಡು’ ಎಂದು ಹರಕು ಬೂಟನ್ನು ಬಟ್ಟೆಯಲ್ಲಿ ಸುತ್ತಿ ಸೌಟಿಗೆ ಕೊಟ್ಟ. ‘ರಿಪೇರಿಗೆ ಕಳಿಸಿದ್ದಾನೆ ಅನ್ನು, ಸಾಕು. ಅಮ್ಮನ ಎದುರಿಗೆ ತುಟಿ ಪಿಟಕ್ ಅನ್ನಬೇಡ.’

‘ಬೂಟು ಹೊಲಿಯೋನು ನೀನು, ರಿಪೇರಿಗೆ ಊರಿಗೆ ಕಳಿಸ್ತೀಯಾ? ತಲೆ ಸರಿಯಾಗಿದೆ ತಾನೆ?’

‘ಹೂಂ.’

ಗೇಟಿನ ಕಾವಲಿನವನು ಗಂಟು ಬಿಚ್ಚಿ, ವಾಸನೆಗೆ ಮುಖ ಸಿಂಡರಿಸಿ, ಹೋಗು ಹೋಗು ಎಂದ. ಲಾರಿ ಹೊರಟಿತು. ಮೊಳೆಬಾಯಿ ಎಷ್ಟೋ ದಿನದ ಮೇಲೆ ಹಗುರಾಗಿ ಬಂದು ಕೆಲಸಕ್ಕೆ ಕೂತ. ಮೂಟೆಯಿಂದ ಒಂದು ಬೂಟು ಎಳೆದ, ಅಟ್ಟೆ ಎತ್ತಿದ, ದಬ್ಬಳ ಕಾಯಿಸಿ ಅದರೊಳಗಿನ ಗುರುತಿಗೆ ಅಡ್ಡಗೆರೆ ಎಳೆದ. ಎಳೆದ ಕೈ ಹಾಗೇ ನಿಂತಿತು.

ಅಯ್ಯೋ. ಗೆರೆ! ಆ ಬೂಟಿನ ಅರ್ಧಚಂದ್ರಕ್ಕೆ ಗೆರೆ ಇಲ್ಲವಲ್ಲ!

ಗೆರೆಯಿಲ್ಲದ ಕಟ್ಟಕಡೆಯ ಗುರುತು ಯಾರದೋ, ಬೂಟು ಅವನದು. ತಮ್ಮ ಅಟ್ಟೆ ಎತ್ತುತ್ತಾನೆ, ತನ್ನದೇ ಗುರುತು ಕಾಣುತ್ತಾನೆ. ಏಳನೇ ನಂಬರು, ತನ್ನದೇ ಅಳತೆ. ‘ಜಾಗ ಹಿಡಿದಿರು’ ಎಂದು ಬರೆದಿದ್ದ, ಅಣ್ಣ ಬೂಟನ್ನೇ ಹಿಡಿದಿಟ್ಟಿದ್ದಾನೆ ಎಂದುಕೊಳ್ಳುತ್ತಾನೆ. ಬೇರೆ ಮನೆಯವರಾಗಿದ್ದರೆ ಅದು ಬರೀ ಗೀಚು. ಆ ಮನೆಯಲ್ಲಿ ಮಾತ್ರ ಅದಕ್ಕೆ ಅರ್ಥ ‘ಬಾ, ಇದು ನಿನ್ನದು’ ಎಂದೇ.

ಗೇಟಿನವರೆಗೆ ಓಡಿದ. ಲಾರಿ ತಿರುವು ದಾಟಿ ಧೂಳೂ ಅಡಗಿತ್ತು. ಕಾಗದ ಬರೆದರೆ ಮುಟ್ಟುವಷ್ಟರಲ್ಲಿ ಭರ್ತಿ ಮುಗಿದಿರುತ್ತದೆ. ಡೇರೆಗೆ ಬಂದು ಕೂತ. ತಮ್ಮನನ್ನು ಉಳಿಸಲು ಹೋಗಿ ತಾನೇ ಕೈಯಾರೆ ಕರೆಯೋಲೆ ಕಳಿಸಿದೆ ಎನ್ನುವುದು ಊಟಕ್ಕೆ ಕೂತರೂ ಬಂತು, ಮೊಳೆ ಹೊಡೆದರೂ ಬಂತು. ಆಮೇಲಿನ ದಿನಗಳಲ್ಲಿ ಹೊಸಬರ ಲಾರಿ ಬಂದಾಗೆಲ್ಲ ಇಳಿಯುವವರ ಕಾಲನ್ನೇ ನೋಡುತ್ತಾ ನಿಂತ. ಯಾರ ಹಿಮ್ಮಡಿಯಾದರೂ ಸ್ವಲ್ಪ ಒಳಕ್ಕೆ ಹೊರಳಿದರೆ ಓಡಿಹೋಗಿ ಮುಖ ನೋಡಿ ಬರುತ್ತಿದ್ದ. ಮನೆಗೆ ಕಾಗದ ಬರೆಯುವುದೂ ನಿಂತಿತು. ಮಸಿ ಸಾಹೇಬನೇ ಒಂದು ದಿನ ‘ಏನಯ್ಯಾ, ಹೇಸರಗತ್ತೆ ಹೇಗಿದೆ?’ ಎಂದು ಕೇಳಿದ. ‘ಇದೆ’ ಎಂದ ಮೊಳೆಬಾಯಿ.

ಸೌಟು ರಜೆ ಮುಗಿಸಿ ಬಂದವನು ಅಡುಗೆ ಡೇರೆಗೂ ಹೋಗದೆ ನೇರ ಇಲ್ಲಿಗೇ ಬಂದ. ಕಂಕುಳಲ್ಲಿ ಅದೇ ಬಟ್ಟೆಯ ಗಂಟು.

‘ತಮ್ಮ ಎಲ್ಲಿ?’ ಮೊಳೆಬಾಯಿ ಬಾಯಲ್ಲಿದ್ದ ಮೊಳೆಯನ್ನೆಲ್ಲ ಅಂಗೈಗೆ ಉಗಿದ. ‘ಬಂದ್ನಾ? ಹೆಸರು ಕೊಟ್ನಾ?’

‘ಮೊದಲು ನೀರು ಕೊಡು ಮಾರಾಯ. ಎಂಥ ಮನೆಗೆ ಕಳಿಸಿದೆಯೋ ನನ್ನ!’ ಸೌಟು ನೀರು ಕುಡಿದು, ಒಣಗಿದ ಚರ್ಮದ ತುಂಡಿನ ಮೇಲೆ ಕೂತ. ‘ನೀನು ಹೇಳಿದ ಹಾಗೆ ನಿನ್ನ ತಮ್ಮನ ಕೈಗೇ ಕೊಟ್ಟೆ. ಅವನು ಹಿಂದೆಮುಂದೆ ನೋಡಲಿಲ್ಲ, ಒಳಗೆ ಬೆರಳು ಹಾಕಿ ಚರಕ್ ಅಂತ ಅಟ್ಟೆ ಎತ್ತಿದ. ಎತ್ತಿದವನೇ ಎದ್ದು ನಿಂತು ಕುಣಿದಾಡಿಬಿಟ್ಟ ಕಣೋ. “ಅಮ್ಮಾ, ಅಣ್ಣ ನನಗೆ ಬೂಟು ತೆಗೆದಿಟ್ಟಿದ್ದಾನೆ, ನಾಳೆ ಭರ್ತಿಗೆ ಹೋಗ್ತೀನಿ” ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ. ನಿಮ್ಮಮ್ಮನಿಗೆ ಭರ್ತಿ ಸುದ್ದಿ ಗೊತ್ತಾಗಿದ್ದೇ ಆಗ.’

ಮೊಳೆಬಾಯಿ ಕಣ್ಣು ಮುಚ್ಚಿಕೊಂಡ.

‘ನಾನು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೆ. ನಿಮ್ಮಮ್ಮ ಒಳಗಿಂದ ಬಂದ್ರು, ಕೈ ಒರಸಿಕೊಂಡ್ರು, ಬೂಟು ಇಸ್ಕೊಂಡ್ರು. ಬಾಗಿಲ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ್ರು. ಆಮೇಲೆ ಮಗನ್ನ ಕೇಳಿದ್ರು: “ಈ ಮೂರು ಗೆರೆ ಯಾರ್ದೋ?” ಅಂತ. ಅವನು ಕುಣಿಯೋದು ನಿಲ್ಲಿಸಿದ. ಅವರೇ ಒಂದೊಂದರ ಮೇಲೆ ಬೆರಳಿಟ್ಟು ತೋರಿಸಿದ್ರು: “ಇದು ಚೌಕದೋನು, ಇದು ಚುಕ್ಕಿಯೋನು, ಇದು ಕೊಕ್ಕೆಯೋನು. ಮೂರು ಜನ ಸತ್ತ ಬೂಟು ನಿಂಗೆ ತೆಗೆದಿಡ್ತಾನೇನೋ ನಿಮ್ಮಣ್ಣ? ಕೆಳಗಿನ ಅಟ್ಟೆ ಹರಿದು ಚಿಂದಿಯಾಗಿದೆ, ಇದನ್ನ ಹಾಕ್ಕೊಂಡು ಯಾರು ನಡೀತಾರೆ?” ಅಂದ್ರು. ಆಮೇಲೆ ನನ್ನ ಕಡೆ ತಿರುಗಿದ್ರು. “ಅಪ್ಪಾ, ನೀನು ನಿಜ ಹೇಳು. ಈ ನಾಲ್ಕನೆಯೋನು ನನ್ನ ಮಗ ಅಲ್ಲ. ನನ್ನ ಮಗನ ಹಾಗೆ ನಡೆಯೋ ಇನ್ಯಾರದೋ ಮಗ. ಇದ್ದಾನಾ?” ಅಂದ್ರು.’

‘ನೀನೇನಂದೆ?’

‘ಏನನ್ನಲಿ? ಬೇಡ ಅಂದಿದ್ದೆ ನೀನು. ಆದ್ರೆ ಆಯಮ್ಮನ ಮುಖ ನೋಡಿ ಸುಳ್ಳು ಹೇಳೋಕೆ ನನ್ನಿಂದಾಗಲಿಲ್ಲ. “ಇಲ್ಲ ತಾಯಿ” ಅಂದೆ. ನಿನ್ನ ತಮ್ಮನ ಹಾಗೇ ನಡೀತಿದ್ದ ಆ ಹುಡುಗನಿಗೆ ನಾನೇ ಎರಡು ಸಲ ಗಂಜಿ ಬಡಿಸಿದ್ದೆ ಕಣೋ.’ ಸೌಟು ಮೂಗು ಒರೆಸಿಕೊಂಡ. ‘ನಿಮ್ಮಮ್ಮ ಅಳಲಿಲ್ಲ. “ಮೂರಕ್ಕೆ ಎಳೆದವನಿಗೆ ನಾಲ್ಕನೇದಕ್ಕೆ ಎಳೆಯೋಕೆ ಕೈ ಬರಲಿಲ್ಲ, ಪಾಪ, ನನ್ನ ದೊಡ್ಡೋನಿಗೆ” ಅಂದ್ರು. ಅದನ್ನ ಕೇಳಿ ನಿನ್ನ ತಮ್ಮ ಅಲ್ಲೇ ಕುಸಿದು ಕೂತ. ಗೊಳೋ ಅಂತ ಅತ್ತ. ಮಾರನೇ ದಿನ ಭರ್ತಿಯವರು ಬಂದರು, ಹೋದರು. ಅವನು ಅಂಗಡಿ ಬಿಟ್ಟು ಏಳಲಿಲ್ಲ. ನಾನು ವಾಪಸ್ಸು ಬರುವಾಗಲೂ ಇಳಿದು ನೋಡಿದೆ, ಯಾರದೋ ಹಿಮ್ಮಡಿ ಹೊಲೀತಿದ್ದ.’

ಮೊಳೆಬಾಯಿ ಉಗಿದ ಮೊಳೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ತಮ್ಮ ಉಳಿದ. ಆದರೆ ಇಷ್ಟು ತಿಂಗಳು ತಾನು ಯಾರಿಂದ ಮುಚ್ಚಿಟ್ಟಿದ್ದನೋ ಅವಳಿಗೇ ಎಲ್ಲ ಗೊತ್ತಾಯಿತು. ಕಾಗದ ಓದಲು ಬಾರದವಳು ಎಂದುಕೊಂಡಿದ್ದ. ಮೂವತ್ತು ವರ್ಷ ಅಪ್ಪನ ಪಕ್ಕ ಕೂತು ಅಟ್ಟೆ ಎತ್ತಿದವಳು ಎಂಬುದನ್ನು ಮರೆತಿದ್ದ.

‘ಇನ್ನೇನಂದಳು ಅಮ್ಮ?’

‘ಹೇಳಿ ಕಳಿಸಿದ್ದಾರೆ, ಹಾಗೇ ಒಪ್ಪಿಸ್ತೀನಿ ಕೇಳು.’ ಸೌಟು ಗಂಟು ಬಿಚ್ಚಿ ಬೂಟನ್ನು ಮುಂದಿಟ್ಟ. ‘“ಕಾಗದ ಬರೀದೆ ಇರಬೇಡ. ಹೇಸರಗತ್ತೆ ಕಥೆ ಬರಿ, ಬೇಡ ಅನ್ನಲ್ಲ. ಅದರ ಬೆನ್ನ ಮೇಲೆ ಏನು ಹೊರೆ ಇತ್ತು ಅಂತಾನೂ ಬರಿ. ನಾನು ಕೇಳಬಲ್ಲೆ. ಆಮೇಲೆ ಈ ಬೂಟು. ಚಿಕ್ಕೋನಿಗೆ ನಾನು ಬೇರೆ ಗುರುತು ಹಾಕಿದ್ದೀನಿ. ಇನ್ನು ಮೇಲೆ ಅರ್ಧಚಂದ್ರ ಅವನದಲ್ಲ, ಆ ಮಗುವಿನದು. ನೀನು ಧೈರ್ಯವಾಗಿ ಗೆರೆ ಎಳಿ. ಯಾರೂ ಎಳೆಯದೆ ಬಿಟ್ಟರೆ ಆ ಮಗು ಇನ್ನೂ ನಡೀತಾನೇ ಇರತ್ತೆ.” ಇಷ್ಟು.’

‘ಚಿಕ್ಕೋನಿ‌ಗೆ ಯಾವ ಗುರುತು?’

‘ಎರಡು ಚುಕ್ಕಿ, ಜೋಡಿಯಾಗಿ. ಇದ್ಯಾವ ನಡಿಗೆ ತಾಯಿ ಅಂತ ನಾನು ಕೇಳಿದೆ. “ನಡಿಗೆ ನೋಡಿ ಹಾಕಿದ್ದಲ್ಲಪ್ಪ, ನನಗೆ ಇಬ್ಬರು ಮಕ್ಕಳು” ಅಂದ್ರು.’

ಸೌಟು ಒಲೆ ಹಚ್ಚಬೇಕು ಎಂದು ಎದ್ದು ಹೋದ. ಮೊಳೆಬಾಯಿ ಕೆಂಡ ಕೆದಕಿ ದಬ್ಬಳ ಕಾಯಿಸಿದ. ಬೂಟನ್ನು ಮೊಣಕಾಲ ಸಂದಿಗೆ ಸಿಕ್ಕಿಸಿಕೊಂಡು ಅಟ್ಟೆ ಎತ್ತಿದ. ‘ಹೊಸದಲ್ಲ ಕಣೋ ಇದು, ನಿನಗೆ ಸುಳ್ಳು ಹೇಳಿದೆ’ ಎಂದು ಬಾಯಿಬಿಟ್ಟೇ ಹೇಳಿದ. ಅರ್ಧಚಂದ್ರದ ಮೇಲೆ ಆ ಕಡೆಯಿಂದ ಈ ಕಡೆಗೆ ಗೆರೆ ಎಳೆದ. ಚರ್ಮ ಸುಟ್ಟ ವಾಸನೆ ಬಂತು. ಅಟ್ಟೆ ಮುಚ್ಚಿ, ಅದರ ಅಂಚನ್ನು ಮೇಣದ ದಾರದಿಂದ ಸುತ್ತಲೂ ಹೊಲಿದುಬಿಟ್ಟ.

ಆಮೇಲೆ ಎರಡು ಕಾಗದ ಬರೆದ. ಒಂದು, ಆ ಹುಡುಗನ ಊರು ಯಾವುದೆಂದು ಕಚೇರಿಯಲ್ಲಿ ಕೇಳಿ ತಿಳಿದು, ಅವನ ಅಮ್ಮನಿಗೆ. ನಿಮ್ಮ ಮಗನಿಗೆ ಬೂಟು ಕೊಟ್ಟವನು ನಾನು, ಹಿಮ್ಮಡಿ ಒಳಕ್ಕೆ ಹೊರಳಿಸಿ ನಡೆಯುತ್ತಿದ್ದ, ಲೇಸು ಎರಡೆರಡು ಗಂಟು ಹಾಕುತ್ತಿದ್ದ, ನನ್ನನ್ನು ಅಣ್ಣಾ ಎಂದ. ಇನ್ನೊಂದು ಮನೆಗೆ. ಮಸಿ ಸಾಹೇಬ ಎರಡನ್ನೂ ಓದಿದ. ಮೊದಲನೆಯದಕ್ಕೆ ಮುದ್ರೆ ಒತ್ತಿದ. ಎರಡನೆಯದರ ಮೇಲೆ ಅವನ ಮಸಿಯ ಕಡ್ಡಿ ಒಂದು ಕಡೆ ನಿಂತಿತು.

‘“ಅಮ್ಮಾ, ಗೆರೆ ಎಳೆದೆ” ಅಂತ ಬರೆದಿದ್ದೀಯಲ್ಲ. ಯಾವ ಗೆರೆ? ಗಡಿ ವಿಷಯ ಬರೆಯೋ ಹಾಗಿಲ್ಲ.’

‘ಗಡಿಯಲ್ಲ ಸಾಹೇಬ್ರೆ, ಬೂಟಿಂದು.’

ಮಸಿ ಸಾಹೇಬ ಅವನ ಮುಖವನ್ನು ಒಂದು ಸಲ ನೋಡಿ, ಮಸಿಯ ಕಡ್ಡಿ ಕೆಳಗಿಟ್ಟು, ಮುದ್ರೆ ಒತ್ತಿದ. ಮೊಳೆಬಾಯಿ ಡೇರೆಗೆ ಬಂದ. ಮೂಟೆ ಬಂದು ಬಾಗಿಲಲ್ಲಿ ಬಿದ್ದಿತ್ತು. ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡು, ಮೊದಲನೇ ಬೂಟನ್ನು ಎಳೆದು, ಅಟ್ಟೆ ಎತ್ತಿದ.